ಮಾದು ಮೇಷ್ಟ್ರ ನಾಲ್ಕನೇ ಪುಸ್ತಕ

ಮುಂದಿನ ಸಾಲಿನ ಬಲತುದಿಯಲ್ಲಿ, ಫ್ಯಾನಿನ ಕೆಳಗೆ ಕುಳಿತಿರುವ ಶ್ರೀಮತಿ ಪಾಪಮ್ಮನವರೇ, ಈ ಸಭೆಯ ಅಧ್ಯಕ್ಷರಾದ ಶ್ರೀ ಮಹೇಂದ್ರ ಅವರೇ, ಇನ್ನು ಸ್ವಲ್ಪ ಹೊತ್ತಿಗೆ ಈ ಪಿಯಾನೊ ನುಡಿಸಲಿರುವ ಪಾಪಮ್ಮನವರ ಮೊಮ್ಮಗಳು ಕುಮಾರಿ ಸಂಘಮಿತ್ರಾ ಅವರೇ, ವೇದಿಕೆಯ ಮೇಲಿನ ಗಣ್ಯರೇ, ಕೆಲಸ ಕಾರ್ಯ ಬಿಟ್ಟು ತಿ. ನರಸೀಪುರದಿಂದಲೂ ಸುತ್ತಲಿನ ಊರುಗಳಿಂದಲೂ ನಂಜನಗೂಡಿನ ಈ ಸಭಾಭವನಕ್ಕೆ ಬಂದಿರುವ ಸಭಿಕರೇ,

ಅಧ್ಯಕ್ಷರನ್ನು ಬಿಟ್ಟು ಮುಂದಿನ ಸಾಲಿನಿಂದ ಶುರು ಮಾಡಿದರಲ್ಲ, ಶಿವಸ್ವಾಮಿ ಮೇಷ್ಟ್ರಿಗೆ ಅರಳುಮರಳು ಬಂತೇ ಎಂದು ಕೆಲವರು ಅಂದುಕೊಂಡಿರಬಹುದು. ಬರುವ ತಿಂಗಳಿಗೆ ನನಗೆ ಎಪ್ಪತ್ತು ತುಂಬುತ್ತದೆ, ಅದು ನಿಜ. ಆದರೆ ಕ್ರಮ ತಪ್ಪಿಲ್ಲ. ಮೂವತ್ತಮೂರು ವರ್ಷ ಗಣಿತ ಕಲಿಸಿದವನು ನಾನು, ಯಾವುದು ಮೊದಲು ಯಾವುದು ಆಮೇಲೆ ಎಂಬುದು ಮರೆತಿಲ್ಲ. ಅಮೃತೇಶ್, ಒಳ್ಳೆಯ ನಿರೂಪಣೆ ಮಾಡುತ್ತಿದ್ದೀಯಪ್ಪ, ಆದರೆ ಆ ಫೋನ್ ಒಳಗಿಡು. ಎಂಟನೇ ಕ್ಲಾಸಿನಲ್ಲಿಯೂ ನಿನಗೆ ಇದೇ ಹೇಳುತ್ತಿದ್ದೆ, ಆಗ ಅದು ಬುಗುರಿ.

ಮೊದಲು ಒಂದು ಲೆಕ್ಕದ ತಪ್ಪನ್ನು ತಿದ್ದಬೇಕು. ಇಂದು ಬಿಡುಗಡೆಯಾದ ಪುಸ್ತಕದ ರಕ್ಷಾಪುಟದಲ್ಲಿ ‘ಮಾದು ಮೇಷ್ಟ್ರ ಮೂವತ್ತೊಂದು ಪಿಯಾನೊ ಕೃತಿಗಳು’ ಎಂದಿದೆ. ಮೂವತ್ತೊಂದಲ್ಲ, ಮೂವತ್ತೂವರೆ. ಕೊನೆಯದು ಅರ್ಧವೇ ಇದೆ. ಅದರ ಉಳಿದರ್ಧ ಎಲ್ಲಿ ಹೋಯಿತು ಎಂಬುದೇ ನನ್ನ ಇಂದಿನ ಭಾಷಣ. ಅದು ಇಂದು ಈ ಸಭೆಯಲ್ಲಿ ನಿಮ್ಮ ಕಿವಿಗೆ ಬೀಳುತ್ತದೋ ಇಲ್ಲವೋ ಎಂಬುದು ನಾನು ಏನು ಮಾತಾಡುತ್ತೇನೆ ಎಂಬುದರ ಮೇಲೆ ನಿಂತಿದೆ. ಯಾಕೆ ಎಂದು ಮುಂದೆ ಹೇಳುತ್ತೇನೆ. ಸ್ವಲ್ಪ ತಾಳ್ಮೆ ಇರಲಿ.

ಮಾದು ಮೇಷ್ಟ್ರು ಯಾರು? ನಿಮ್ಮಲ್ಲಿ ಅರವತ್ತು ದಾಟಿದವರಿಗೆ ಅವರು ಹಾರ್ಮೋನಿಯಂ ಮೇಷ್ಟ್ರು. ಹೆಡತಲೆ ಕಡೆಯ ಹತ್ತಾರು ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸಿದವರು. ನನಗೆ ಕೃಷ್ಣನ ಪಾತ್ರ ಕಲಿಸಿದವರೂ ಅವರೇ. ನಮ್ಮ ಮನೆಯ ಜಗಲಿಯ ಮೇಲೆ ನಾವು ಹುಡುಗರು, ಜಗಲಿಯ ಕೆಳಗೆ ಗೋಣಿಚೀಲದ ಮೇಲೆ ಮೇಷ್ಟ್ರು ಮತ್ತು ಹಾರ್ಮೋನಿಯಂ. ಕಲಿಸುವವರು ಕೆಳಗೆ, ಕಲಿಯುವವರು ಮೇಲೆ. ಅವರದು ಯಾವ ಕೇರಿ, ನಮ್ಮದು ಯಾವ ಬೀದಿ ಎಂದು ಬಿಡಿಸಿ ಹೇಳಬೇಕೇ? ನನ್ನ ತಪ್ಪು ತಾಳಕ್ಕೆ ಅವರು ಕತ್ತೆತ್ತಿ ನೋಡಬೇಕಾಗಿತ್ತು. ಆಗ ಅದು ನನಗೆ ವಿಚಿತ್ರ ಅನ್ನಿಸಲಿಲ್ಲ. ಇಂದು ಇಷ್ಟು ಎತ್ತರದ ವೇದಿಕೆಯ ಮೇಲೆ ನಿಂತು ಕೆಳಗಿರುವ ಅವರ ಮಗಳನ್ನು ನೋಡುವಾಗ ಅನ್ನಿಸುತ್ತಿದೆ.

ಆದರೆ ಹಾರ್ಮೋನಿಯಂ ಅವರ ಹೊಟ್ಟೆಪಾಡು. ಅದಕ್ಕೆ ಮುಂಚೆ, ಹದಿನಾರನೇ ವಯಸ್ಸಿನಿಂದ ಇಪ್ಪತ್ತಾರು ವರ್ಷ, ಮೈಸೂರಿನಲ್ಲಿ ಪಿಯಾನೊ ರಿಪೇರಿ ಮಾಡುವ ಒಬ್ಬ ಸಾಹೇಬರ ಜೊತೆ ಕೆಲಸಕ್ಕಿದ್ದರು. ಮೊದಲು ಹತಾರದ ಚೀಲ ಹೊರುವುದು, ಆಮೇಲೆ ತಂತಿ ಬಿಗಿಯುವುದು, ಕೊನೆಗೆ ಶ್ರುತಿ ಕೂಡಿಸುವುದು. ಐದು ಗೆರೆಯ ಮೇಲೆ ಸ್ವರ ಬರೆಯುವ ವಿಲಾಯತಿ ಪದ್ಧತಿಯನ್ನು ಸಾಹೇಬರೇ ಹೇಳಿಕೊಟ್ಟರಂತೆ. ಊರಿನ ದೊಡ್ಡ ಬಂಗಲೆಗಳ ಪಿಯಾನೊಗಳೆಲ್ಲ ಈ ಮನುಷ್ಯನ ಬೆರಳಿಗೆ ಗೊತ್ತಿದ್ದವು. ಒಂದೂ ಅವರದಲ್ಲ. ನುಡಿಸುವ ಅಪ್ಪಣೆಯೂ ಇರಲಿಲ್ಲ.

ಹಾಗಾದರೆ ಮೂವತ್ತೊಂದು ಕೃತಿ ಎಲ್ಲಿಂದ ಬಂದವು? ಒಂದು ಸಾರಿ ಜಗಲಿಯಲ್ಲಿ ನಾನೇ ಕೇಳಿದ್ದೆ. ಅವರು ನಗುತ್ತ ಹೇಳಿದ ಮಾತು ಇನ್ನೂ ನೆನಪಿದೆ: “ಸುರುತಿ ಸರಿ ಓಯ್ತಾ ಅಂತ ನೋಡೋಕೆ ವಸಿ ಬಾರಿಸ್ಬೇಕಲ್ವಾ ಬುದ್ದಿ? ದೊರೆಸಾನಿ ಮಾಡಿ ಮೆಟ್ಲು ಇಳ್ದು ಬರೋಗಂಟ ಪಿಯಾನೊ ನಂದೇ.”

ಇದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಈ ಪುಸ್ತಕದ ಯಾವ ಕೃತಿಯೂ ಮೂರು ನಿಮಿಷ ದಾಟುವುದಿಲ್ಲ. ಯಾಕೆ ಇಷ್ಟು ಚಿಕ್ಕವು ಎಂದು ಮೈಸೂರಿನ ವಿದ್ವಾಂಸರೊಬ್ಬರು ಎಂಟು ಪುಟದ ಲೇಖನ ಬರೆದಿದ್ದಾರೆ. ಕಾರಣ ಇಷ್ಟೇ, ದೊರೆಸಾನಿ ಮಹಡಿಯ ಮೆಟ್ಟಿಲು ಇಳಿಯಲು ಮೂರು ನಿಮಿಷ ಸಾಕು. ಅಷ್ಟು ಹೊತ್ತಿನಲ್ಲಿ ಆ ಮನುಷ್ಯ ತನ್ನ ಊರನ್ನು, ಕಪಿಲಾ ನದಿಯನ್ನು, ನರಸೀಪುರದ ಸಂಗಮದ ಮರಳನ್ನು ಬೇರೆಯವರ ವಾದ್ಯದಲ್ಲಿ ನುಡಿಸಿ, ಮುಚ್ಚಳ ಹಾಕಿ, ಕೈಕಟ್ಟಿ ನಿಲ್ಲುತ್ತಿದ್ದರು. ಆಮೇಲೆ ಕೇರಿಗೆ ಬಂದಾಗ, ಪಿಯಾನೊ ಇಲ್ಲದೆಯೇ, ನೆನಪಿನಿಂದ ಬರೆದಿಡುತ್ತಿದ್ದರು. ಪ್ರತಿಯೊಂದರ ತಲೆಯ ಮೇಲೂ ದುಂಡಗಿನ ಕನ್ನಡ ಅಕ್ಷರದಲ್ಲಿ ಹೆಸರು. ‘ಕಪಿಲೆ ಕೆಂಪಾದದ್ದು.’ ‘ತಲಕಾಡಿನ ಬಿಸಿಲು.’ ‘ಅವ್ವ ರಾಗಿ ಬೀಸಿದ್ದು.’ ಇಂಥ ದಪ್ಪ ಕಾಗದದ ದೊಡ್ಡ ಪುಸ್ತಕಗಳು ಐದು ಇದ್ದವು.

ಐದು. ನೀವು ಕೈಯಲ್ಲಿ ಹಿಡಿದಿರುವುದು ಮೂರರ ಅಚ್ಚು.

ಪಿಯಾನೊ ಎಂದ ಮೇಲೆ ಒಂದು ಮಾತು. ಇಂದು ಬೆಳಿಗ್ಗೆ ಇದನ್ನು ಮೈಸೂರಿನಿಂದ ಟೆಂಪೊದಲ್ಲಿ ಹಾಸಿಗೆ ಸುತ್ತಿಕೊಂಡು ತಂದರು. ಇಳಿಸಲು ಎಂಟು ಜನ ಬೇಕಾಯಿತು. ಅವರಲ್ಲೊಬ್ಬ, ಇದರೊಳಗೆ ಯಾರಿದ್ದಾರೆ ಸಾ ಎಂದು ಕೇಳಿದ. ನಾನು ನಕ್ಕೆ. ಆಮೇಲೆ ಊಟಕ್ಕೆ ಕೂತಾಗ, ಅವನು ಕೇಳಿದ್ದು ಸರಿಯಾಗಿಯೇ ಇತ್ತು ಅನ್ನಿಸಿತು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಆಹ್ವಾನ ಪತ್ರಿಕೆಯಲ್ಲಿ ನನ್ನ ಬಗ್ಗೆ ಹೀಗಿದೆ: ‘ಹಳೆಯ ಮನೆ ಕೆಡವುವಾಗ ಅಟ್ಟದ ಮೇಲೆ ದೊರೆತ ಅಮೂಲ್ಯ ಹಸ್ತಪ್ರತಿಗಳನ್ನು ಗುರುತಿಸಿ ನಾಡಿಗೆ ನೀಡಿದ ಮಹನೀಯರು.’ ಅಮೃತೇಶ್ ಇನ್ನೂ ಮುಂದೆ ಹೋಗಿ ‘ನಾದರಕ್ಷಕ’ ಎಂದ. ಆ ಬಿರುದು ಬರೆದ ಫಲಕ ಅಗೋ ಆ ಮೇಜಿನ ಮೇಲಿದೆ, ಶಾಲು ಪೇಟಗಳ ಜೊತೆ. ಪತ್ರಿಕೆಯವರು ಬಂದಾಗಲೂ, ರೇಡಿಯೊದಲ್ಲಿಯೂ ನಾನು ಹೇಳಿದ್ದು ಅಟ್ಟದ ಕಥೆಯನ್ನೇ. ಜೊತೆಗೆ ಒಂದು ನಗೆಚಟಾಕಿಯನ್ನೂ ಹಾರಿಸುತ್ತಿದ್ದೆ. ಇಂಗ್ಲಿಷ್ ಅಕ್ಷರ ತಿದ್ದಲು ಮಕ್ಕಳಿಗೆ ನಾಲ್ಕು ಗೆರೆಯ ಕಾಪಿ ಪುಸ್ತಕ ಇರುತ್ತದಲ್ಲ? ಈ ಪುಸ್ತಕಗಳಲ್ಲಿ ಐದು ಗೆರೆ. ಒಂದು ಗೆರೆ ಹೆಚ್ಚಿಗೆ ಬಿದ್ದ ರದ್ದಿ ಕಾಪಿ ಪುಸ್ತಕ, ಅದರ ಮೇಲೆ ಯಾರೋ ಮಸಿ ಚೆಲ್ಲಿದ್ದಾರೆ ಎಂದುಕೊಂಡೆ ಎಂದು ಹೇಳಿ ಜನರನ್ನು ನಗಿಸುತ್ತಿದ್ದೆ. ಮೇಷ್ಟ್ರ ಬುದ್ಧಿ ನೋಡಿ, ಎಲ್ಲವೂ ಕಾಪಿ ಪುಸ್ತಕವೇ!

ಆ ನಗೆಚಟಾಕಿ ಸುಳ್ಳಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಯವರೆಗೆ ನಿಜ. ಹನ್ನೊಂದರ ಮೇಲೆ ಅದು ಸುಳ್ಳು.

ಯಾವ ಬೆಳಿಗ್ಗೆ? ಹತ್ತೊಂಬತ್ತು ನೂರ ಎಂಬತ್ತಮೂರು, ದಸರಾ ರಜೆ. ನನಗೆ ಇಪ್ಪತ್ತೇಳು, ನರಸೀಪುರದ ಹೈಸ್ಕೂಲಿನಲ್ಲಿ ಹೊಸ ಕೆಲಸ. ಅದಕ್ಕೆ ಹಿಂದಿನ ವರ್ಷ ಮಾದು ಮೇಷ್ಟ್ರು ಒಂದು ತಗಡಿನ ಟ್ರಂಕು ಹೊತ್ತು ತಂದು ನಮ್ಮ ತಂದೆ ಶಿವಮಲ್ಲಪ್ಪನವರ ಮುಂದೆ ಇಟ್ಟಿದ್ದರು. ಅವರದು ಹುಲ್ಲಿನ ಮನೆ, ಮಳೆಗೆ ಸೋರುತ್ತಿತ್ತು. ನಮ್ಮದು ಹೆಂಚಿನದು. ನಿಮ್ಮ ಅಟ್ಟದಲ್ಲಿ ಇರಲಿ ಬುದ್ದಿ, ಪಿರಾಣ ಇದ್ದಂಗೆ, ಎಂದಿದ್ದರು. ನಮ್ಮ ತಂದೆ ಆಗಲಿ ಎಂದು ಅಟ್ಟಕ್ಕೆ ಹಾಕಿಸಿದರು. ಅವರು ಮಾತು ತಪ್ಪಿದವರಲ್ಲ. ಆದರೆ ಮುಂದಿನ ಬೇಸಿಗೆಯಲ್ಲಿ ತಂದೆ ತೀರಿಕೊಂಡರು.

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಸಾಕಿದವರಿಗೆ ಗೊತ್ತು, ಹುಳು ನಾಲ್ಕು ಸಾರಿ ಪೊರೆ ಬಿಡುತ್ತದೆ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದಿತು ಎಂದರೆ ಮನೆಮಂದಿಗೆ ಊಟ ನಿದ್ದೆ ಇಲ್ಲ. ಹುಳು ಬಿಟ್ಟ ಬಿದಿರುತಟ್ಟೆಯಲ್ಲಿ ತೇವ ನಿಂತರೆ ಹುಳು ಕೊಳೆಯುತ್ತದೆ. ಹಿಕ್ಕೆ ತೆಗೆದು, ಒಣಗಿದ ಕಾಗದ ಹಾಸಿ, ಹೊಸ ಹಿಪ್ಪುನೇರಳೆ ಸೊಪ್ಪು ಕೊಡಬೇಕು. ಆ ದಿನ ಹಳೆಯ ಪೇಪರು ಮುಗಿದಿತ್ತು. ನಾನು ಅಟ್ಟ ಹತ್ತಿದೆ, ಟ್ರಂಕು ತೆಗೆದೆ, ಮೇಲಿದ್ದ ಒಂದು ಪುಸ್ತಕ ಬಿಚ್ಚಿದೆ. ಆಹಾ, ಏನು ಕಾಗದ! ಅಗಲ, ದಪ್ಪ, ತೇವ ಕುಡಿಯುವಂಥದು. ಹೊಲಿಗೆ ಬಿಚ್ಚಿ ಹಿತ್ತಲಿನ ಹುಳುಮನೆಯ ತಟ್ಟೆಗಳಿಗೆ ಹಾಸಿದೆ. ಅದು ನಾಲ್ಕನೇ ಪುಸ್ತಕ. ಅದು ಯಾರ ಟ್ರಂಕು, ಯಾಕೆ ಇಟ್ಟದ್ದು ಎಂದು ಆ ಗಡಿಬಿಡಿಯಲ್ಲಿ ಯೋಚಿಸಲಿಲ್ಲ. ಅಲ್ಲಿಯತನಕ ನಾನು ದಡ್ಡ, ಅಷ್ಟೇ.

ಹನ್ನೊಂದಕ್ಕೆ ಸೊಪ್ಪು ಹೊತ್ತುಕೊಂಡು ಕೂಲಿಯವರು ಬಂದರು. ಅವರಲ್ಲಿ ಮಾದು ಮೇಷ್ಟ್ರ ಮಗಳು ಪಾಪಮ್ಮ ಒಬ್ಬರು. ಮೂರನೇ ತಟ್ಟೆಯ ಹತ್ತಿರ ನಿಂತರು. ಕೈಯಲ್ಲಿ ಸೊಪ್ಪು ಹಾಗೇ ಇತ್ತು. ಮೆಲ್ಲಗೆ ಹೇಳಿದರು: “ಬುದ್ದಿ, ಇದು ನಮ್ಮಪ್ಪನ ಅಕ್ಸರ.”

ಸಭಿಕರೇ, ಅಲ್ಲಿ ಹುಳು ಇನ್ನೂ ಪೂರ್ತಿ ಹರಡಿರಲಿಲ್ಲ. ಕಾಗದ ಎತ್ತಿಕೊಳ್ಳಲು ಒಂದು ಗಳಿಗೆ ಸಾಕಿತ್ತು. ಗೋಣಿಚೀಲ ಹಾಸಬಹುದಿತ್ತು, ಬಾಳೆ ಎಲೆ ಹಾಸಬಹುದಿತ್ತು, ನನ್ನ ಪಂಚೆ ಹರಿದು ಹಾಸಬಹುದಿತ್ತು. ನಾನು ಏನೆಂದೆ ಗೊತ್ತೇ? ಹುಳು ಜ್ವರ ಏಳೋ ಹೊತ್ತಿನಲ್ಲಿ ನಿನ್ನದೊಂದು ರಗಳೆ, ಕಾಗದ ಕಾಗದವೇ, ಸುಮ್ಮನೆ ಸೊಪ್ಪು ಹಾಕು ಎಂದೆ. ಆಗ ಪಾಪಮ್ಮನವರನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ, ಅವರು ನನಗಿಂತ ಆರು ವರ್ಷ ದೊಡ್ಡವರು. ಅವರು ಸೊಪ್ಪು ಹಾಕಿದರು. ತಮ್ಮ ತಂದೆಯ ಬರಹದ ಮೇಲೆ, ತಮ್ಮ ಕೈಯಾರೆ, ನನ್ನ ಮಾತಿಗೆ, ಒಂದೊಂದೇ ತಟ್ಟೆಗೆ.

ಆಗ ಮಾದು ಮೇಷ್ಟ್ರು ಬದುಕಿದ್ದರು. ಹಾಸಿಗೆ ಹಿಡಿದಿದ್ದರು. ಮಗಳು ಅವರಿಗೆ ಈ ಸಂಗತಿ ಹೇಳಲಿಲ್ಲ. ಮೂರು ವಾರಕ್ಕೆ ಅವರು ಹೋದರು.

ತಿಥಿಯ ದಿನ ಸತ್ತವರಿಗೆ ಎಡೆ ಇಡುತ್ತೇವೆ. ಅವರು ಇಷ್ಟಪಟ್ಟಿದ್ದನ್ನೆಲ್ಲ ಇಡುತ್ತೇವೆ, ಬೀಡಿ ಸೇದುವವರಿಗೆ ಬೀಡಿ, ಎಲೆಅಡಿಕೆ ಹಾಕುವವರಿಗೆ ಎಲೆಅಡಿಕೆ. ಪಾಪಮ್ಮನವರು ಹಿಂದಿನ ಸಂಜೆ ನಮ್ಮ ಮನೆಯ ಮುಂದೆ ಬಂದು ನಿಂತರು. ಉಳಿದ ಪುಸ್ತಕ ಇದ್ದರೆ ಕೊಡಿ, ಅಪ್ಪನ ಎಡೆಯಲ್ಲಿ ಇಡಬೇಕು, ಬೇಕಿದ್ದರೆ ಮತ್ತೆ ತಂದುಕೊಡುತ್ತೇನೆ ಎಂದರು. ಅವರ ಪದಾರ್ಥವನ್ನು ಅವರೇ ಮತ್ತೆ ತಂದುಕೊಡುತ್ತಾರಂತೆ. ನಾನು ಟ್ರಂಕಿಗೆ ಗೆದ್ದಲು ಹಿಡಿಯಿತು, ಏನೂ ಉಳಿದಿಲ್ಲ ಎಂದೆ. ಮೂರು ಪುಸ್ತಕ ನನ್ನ ತಲೆಯ ಮೇಲೆಯೇ ಅಟ್ಟದಲ್ಲಿದ್ದವು. ಕೊಟ್ಟರೆ ಉಳಿದೆರಡು ಎಲ್ಲಿ ಎಂದು ಊರು ಕೇಳುತ್ತದೆ ಎಂಬ ಭಯ. ಮಾದು ಮೇಷ್ಟ್ರ ಎಡೆ ಸಂಗೀತವಿಲ್ಲದೆ ಹೋಯಿತು.

ಒಂದು ಸುಳ್ಳು ಹೇಳಿದರೆ ಅದಕ್ಕೆ ಕಾವಲು ಕೂರಬೇಕಾಗುತ್ತದೆ. ನಾನು ಮೂವತ್ತೇಳು ವರ್ಷ ಕೂತೆ. ಮನೆ ರಿಪೇರಿ ಮಾಡಿಸಿದಾಗ ಟ್ರಂಕು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಯಿತು. ನರಸೀಪುರಕ್ಕೆ ಮನೆ ಬದಲಿಸಿದಾಗ ಲಾರಿಯಲ್ಲಿ ನನ್ನ ಕಾಲಡಿ ಬಂತು. ಇದರಲ್ಲಿ ಏನಿದೆ ಎಂದು ನನ್ನ ಶ್ರೀಮತಿ ಚನ್ನಾಜಮ್ಮ ಕೇಳಿದರೆ ಹಳೆಯ ಉತ್ತರಪತ್ರಿಕೆ ಎನ್ನುತ್ತಿದ್ದೆ. ಐದು ವರ್ಷದ ಕೆಳಗೆ, ಮೈಸೂರಿನ ಶಾಲೆಯೊಂದರಲ್ಲಿ ಸಂಗೀತ ಕಲಿಸುವ ಸಂಘಮಿತ್ರಾ ನಮ್ಮ ಮನೆಗೆ ಬಂದಳು. ಮುತ್ತಾತ ಪಿಯಾನೊಗೆ ಬರೆಯುತ್ತಿದ್ದರೆಂದು ಅಜ್ಜಿ ಹೇಳುತ್ತಾರೆ, ನಿಮಗೇನಾದರೂ ನೆನಪಿದೆಯೇ ಸಾರ್ ಎಂದು ಕೇಳಿದಳು. ಚನ್ನಾಜಮ್ಮ ಒಳಗಿನಿಂದ ಕಾಫಿ ತಂದು ಇಟ್ಟು, ನನ್ನ ಮುಖ ನೋಡಿ, ಆ ಉತ್ತರಪತ್ರಿಕೆ ಟ್ರಂಕು ತೆಗೀರಿ ಅಂದರು. ಅವರಿಗೆ ಎಂದಿನಿಂದ ಗೊತ್ತಿತ್ತೋ ನಾನು ಇದುವರೆಗೂ ಕೇಳಿಲ್ಲ. ಟ್ರಂಕು ತೆಗೆದೆ. ಹಳೆಯ ಮನೆ ಕೆಡವುವಾಗ ಅಟ್ಟದಲ್ಲಿ ಸಿಕ್ಕಿತ್ತು ಎಂದೆ. ಅಟ್ಟದ ಕಥೆ ಹುಟ್ಟಿದ್ದು ಆಗ.

ಆ ಹುಡುಗಿ ಪುಸ್ತಕ ಮಡಿಲಲ್ಲಿ ಇಟ್ಟುಕೊಂಡು, ನಮ್ಮ ಊಟದ ಮೇಜಿನ ಮೇಲೆ ಬೆರಳು ಆಡಿಸುತ್ತ, ಬಾಯಲ್ಲಿ ಮೆಲ್ಲಗೆ ಗುನುಗಿದಳು. ಮಾದು ಮೇಷ್ಟ್ರೂ ಹೀಗೇ ಏನೂ ಇಲ್ಲದ ಕಡೆ ಬೆರಳು ಆಡಿಸುತ್ತಿದ್ದರು. ನಾನು ಎದ್ದು ಹಿತ್ತಲಿಗೆ ಹೋದೆ.

ಮೂರನೇ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಕೃತಿ ಶುರುವಾಗುತ್ತದೆ. ಹೆಸರು ‘ಪಾಪಮ್ಮ ನಡೆದದ್ದು.’ ಮಗಳು ಮೊದಲ ಹೆಜ್ಜೆ ಇಟ್ಟಾಗ ಬರೆದದ್ದು. ಸಂಘಮಿತ್ರಾ ನನಗೆ ಬಿಡಿಸಿ ತೋರಿಸಿದಳು: ಎಡಗೈಯಲ್ಲಿ ಅಪ್ಪ ನಿಂತಿದ್ದಾನೆ, ಬಲಗೈಯಲ್ಲಿ ಮಗು. ಒಂದು ಹೆಜ್ಜೆ, ತಡೆ, ಎರಡು ಹೆಜ್ಜೆ, ತಡೆ, ಆಮೇಲೆ ದಡಕ್ಕನೆ ಬೀಳುತ್ತದೆ. ಅಲ್ಲಿಗೆ ಪುಟ ಮುಗಿಯಿತು. ಉಳಿದದ್ದು ನಾಲ್ಕನೇ ಪುಸ್ತಕದ ಮೊದಲ ಪುಟದಲ್ಲಿತ್ತು. ಐದು ವರ್ಷದಿಂದ ಈ ಹುಡುಗಿ ನುಡಿಸುವಾಗಲೆಲ್ಲ ಕೂಸು ಬಿದ್ದಲ್ಲೇ ಬಿದ್ದಿರುತ್ತದೆ. ಅದನ್ನು ಬೀಳಿಸಿ ಬಿಟ್ಟವನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದ.

ಹೋದ ಸೋಮವಾರ ನಾನು ಪಾಪಮ್ಮನವರ ಮನೆಗೆ ಹೋದೆ. ಈ ಫಲಕ, ಈ ಶಾಲು ನನ್ನ ಕೈಲಿ ಹೊರಲಾಗದು ಅನ್ನಿಸಿತ್ತು. ಒಳಗೆ ಕರೆದು ಕುರ್ಚಿ ಹಾಕಿ ಕೂರಿಸಿದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಮಾದು ಮೇಷ್ಟ್ರ ಪಟ. ನಾನು ಬಾಯಿ ಬಿಡುವ ಮೊದಲೇ ಅವರು ಎಲೆಅಡಿಕೆ ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿಂದ ಮಡಿಸಿದ ಒಂದು ಹಾಳೆ ಬಿಚ್ಚಿ ತೋರಿಸಿದರು. ಅಂಚೆಲ್ಲ ಹಸಿರು ಕರೆ. ಸೊಪ್ಪಿನ ಕರೆ. ಆ ದಿನ ಹಿಕ್ಕೆ ತೆಗೆಯುವಾಗ ಒಂದೇ ಒಂದು ಹಾಳೆಯನ್ನು ಮಡಿಲಿಗೆ ಹಾಕಿಕೊಂಡಿದ್ದರಂತೆ. ಅದೇ ಯಾಕೆ? ಅವರಿಗೆ ಓದಲು ಬರುತ್ತಿದ್ದ ಒಂದೇ ಪದ ಅದರ ಮೇಲಿತ್ತು. ತಮ್ಮ ಹೆಸರು. ಕೂಸು ಬಿದ್ದ ಮೇಲಿನ ಉಳಿದರ್ಧ ಇದ್ದದ್ದು ಆ ಹಾಳೆಯಲ್ಲೇ.

ಆ ಹಾಳೆಯಲ್ಲಿ ಗೆದ್ದಲಿನ ಒಂದು ತೂತೂ ಇರಲಿಲ್ಲ. ಹಾಗಾದರೆ ಅಷ್ಟು ವರ್ಷವೂ ಗೆದ್ದಲಿನ ಸುಳ್ಳು ಅವರಿಗೆ ಗೊತ್ತಿತ್ತು. ನಾನು ಕೈಮುಗಿದೆ. ತಪ್ಪಾಯಿತು ಪಾಪಮ್ಮನವರೇ ಎಂದೆ. ಅವರು ಹಾಳೆಯನ್ನು ಮತ್ತೆ ಮಡಿಸಿಟ್ಟುಕೊಂಡರು. ಆಮೇಲೆ ಹೇಳಿದರು: “ನನ್ ಕಿವೀಗೆ ಯೋಳುದ್ರೆ ನಂಗೊಬ್ಳಿಗೇ ಆಯ್ತದೆ ಮೇಷ್ಟ್ರೇ. ನಮ್ಮಪ್ಪುಂಗೆ ಆಗಲ್ಲ. ಮೈಕಲ್ಲಿ ಯೋಳಿ. ಆಮೇಲೆ ಮಗೀಗೆ ಕೊಡ್ತೀನಿ.”

ಬುದ್ದಿ ಎನ್ನುತ್ತಿದ್ದವರು ಮೇಷ್ಟ್ರೇ ಎಂದರು. ಅದು ಸರಿಯಾದದ್ದೇ. ಮಗು ಎಂದರೆ ಈ ಸಂಘಮಿತ್ರಾ. ಆ ಹಾಳೆಯನ್ನು ಈ ಹುಡುಗಿ ಇನ್ನೂ ನೋಡಿಲ್ಲ. ಅದು ಇರುವುದೇ ಈಗ ಗೊತ್ತಾಗುತ್ತಿದೆ, ಮುಖ ನೋಡಿ.

ಪಾಪಮ್ಮನವರೇ, ಮೈಕಿನಲ್ಲಿ ಹೇಳಿದ್ದೇನೆ. ನೀವು ಹೇಳಿ ಎಂದದ್ದನ್ನೆಲ್ಲ ಹೇಳಿದ್ದೇನೆ. ಇಲ್ಲಿಗೆ ಮುಗಿಸಿ ಕೂರಬಹುದು. ಚೀಟಿಯಲ್ಲಿ ಬರೆದುಕೊಂಡು ಬಂದದ್ದೂ ಇಷ್ಟೇ.

ಆದರೆ ಇದೇ ಬಾಯಲ್ಲಿ ಈಗ ಉಳಿದೆರಡು ಎಂದೆನಲ್ಲ, ಗಮನಿಸಿದಿರಾ? ಐದರಲ್ಲಿ ಮೂರು ಉಳಿದವು. ನಾಲ್ಕನೆಯದು ಹೋದದ್ದು ಹೇಳಿದೆ. ಐದನೆಯದು? ನಲವತ್ತೆರಡು ವರ್ಷದಲ್ಲಿ ಯಾರೂ ಕೇಳಲಿಲ್ಲ. ಪಾಪಮ್ಮನವರು ಅದೂ ಅದೇ ದಿನ ಹೋಯಿತು ಎಂದುಕೊಂಡಿದ್ದಾರೆ.

ಅದೇ ದಿನವಲ್ಲ. ಮಾರನೇ ದಿನ. ನಮ್ಮ ಮನೆಯ ಒಳಕೋಣೆಯಲ್ಲಿಯೂ ಹತ್ತು ತಟ್ಟೆ ಇದ್ದವು, ಅಲ್ಲಿಗೆ ಪಾಪಮ್ಮನವರು ಬರುವಂತಿರಲಿಲ್ಲ. ಐದನೇ ಪುಸ್ತಕವನ್ನು ನಾನೊಬ್ಬನೇ ಬಿಚ್ಚಿ ಅಲ್ಲಿ ಹಾಸಿದೆ. ಅಷ್ಟು ಹೊತ್ತಿಗೆ ಪಕ್ಕದ ಮನೆಯಿಂದ ಎರಡು ಮಣ ಹಳೆಯ ಪೇಪರು ಬಂದಿತ್ತು. ಕಾಗದದ ಕೊರತೆ ಇರಲಿಲ್ಲ. ಅದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹಾಸಿದೆ. ಯಾಕೆ? ಕೂಲಿ ಹೆಂಗಸಿನ ಮಾತು ಕೇಳಿ ಶಿವಮಲ್ಲಪ್ಪನ ಮಗ ಕೈ ತಡೆದ ಎಂದು ಆಗಬಾರದು ಎಂದು. ಬೇರೆ ಕಾರಣ ಹುಡುಕಿದ್ದೇನೆ, ವರ್ಷಗಟ್ಟಲೆ ಹುಡುಕಿದ್ದೇನೆ, ಸಿಕ್ಕಿಲ್ಲ. ಎರಡು ಪುಸ್ತಕ ಸೇರಿ ಆ ಮನುಷ್ಯನ ಹದಿಮೂರು ವರ್ಷದ ಸಂಗೀತ. ನಾಲ್ಕನೆಯದಕ್ಕೆ ದಡ್ಡತನವೂ ಪಾಲುದಾರ. ಐದನೆಯದು ಪೂರ್ತಿ ನನ್ನದು.

ಇದನ್ನು ಹೇಳಲೇಬೇಕೆಂದು ಯಾರೂ ಕೇಳಿರಲಿಲ್ಲ. ಇದನ್ನು ಕೇಳಿದ ಮೇಲೆ ಆ ಹಾಳೆ ಕೊಡುವುದು ಬಿಡುವುದು ಪಾಪಮ್ಮನವರಿಗೆ ಬಿಟ್ಟದ್ದು. ಕೊಡದಿದ್ದರೆ ಯಾರೂ ಅವರನ್ನು ಏನೂ ಅನ್ನಕೂಡದು. ಅಧ್ಯಕ್ಷರೇ, ಆ ಫಲಕವನ್ನು ದಯಮಾಡಿ ಒಳಗೆ ಇಡಿಸಿ.

ವಂದನೆಗಳನ್ನು ಹೇಳಿ ಮುಗಿಸುತ್ತೇನೆ. ನನ್ನನ್ನು ಕರೆದ ಸಮಿತಿಯವರಿಗೆ, ಪಿಯಾನೊ ಹೊತ್ತ ಎಂಟು ಜನರಿಗೆ, ಎದುರಿಗೆ ಕೂತು ಒಂದು ಸಾರಿಯೂ ತಲೆ ತಗ್ಗಿಸದ ಚನ್ನಾಜಮ್ಮನವರಿಗೆ, ಇಷ್ಟು ಹೊತ್ತು ಕೆಮ್ಮದೆ ಕೇಳಿದ ನಿಮಗೆಲ್ಲ...

ಸ್ವಲ್ಪ ತಡೆಯಿರಿ.

ಪಾಪಮ್ಮನವರು ಎದ್ದಿದ್ದಾರೆ. ಎಲೆಅಡಿಕೆ ಚೀಲ ಕೈಯಲ್ಲಿದೆ. ಅಮೃತೇಶ್, ನೀನು ಇಳಿಯಬೇಡ. ಅವರು ಬೇಡ ಎಂದು ಕೈ ಮಾಡುತ್ತಿದ್ದಾರೆ, ಕಾಣಲಿಲ್ಲವೇ? ಆ ಕುರ್ಚಿಗಳನ್ನು ಒಂದಿಷ್ಟು ಸರಿಸಿ, ದಾರಿ ಬಿಡಿ. ಯಾರೂ ಕೈ ಹಿಡಿಯಬೇಡಿ. ಅವರೇ ನಡೆದು ಬರುತ್ತಾರೆ.

ಸಂಘಮಿತ್ರಾ, ಮುಚ್ಚಳ ತೆಗೆಯಮ್ಮ. ನಾನು ಕೆಳಗೆ ಇಳಿಯುತ್ತೇನೆ.

ಮಾದು ಮೇಷ್ಟ್ರಿಗೆ ನಮಸ್ಕಾರ.